ತಡವಾಗಿ ಹಾರಿದರು

ಸೋಮವಾರ, ಬಟ್ಟೆ ಒಣಗುವ ಹೊತ್ತು

ಚಿರಂಜೀವಿ ಗುಬ್ಬಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ವಿಮಾನ ಬಿದ್ದದ್ದರ ಬಗ್ಗೆ ನನ್ನ ಹೇಳಿಕೆ ಅಂತ ನೀನು ಬರೆದು ಬಿಟ್ಟುಹೋದ ಹಾಳೆ ಇದರ ಜೊತೆ ವಾಪಸು ಬರುತ್ತಿದೆ. ಹೆಬ್ಬೆಟ್ಟು ಒತ್ತಿಲ್ಲ, ಒತ್ತುವುದೂ ಇಲ್ಲ. ಕೋಪ ಬಂದರೆ ಬರಲಿ. ನಿನ್ನ ಮೂಗು ಚಿಕ್ಕಂದಿನಿಂದಲೂ ಬೇಗ ಕೆಂಪಾಗುತ್ತದೆ.

ಶನಿವಾರ ಒಗೆಯುವ ಕಲ್ಲಿನ ಮೇಲೆ ಕೂತು, ನಿಮ್ಮ ವಾಯುಪಡೆ ಕಚೇರಿಯ ಗತ್ತಿನಲ್ಲಿ ನೀನು ಓದಿದೆ: ವಿಮಾನದಲ್ಲಿದ್ದ ಇಬ್ಬರೂ ತಡವಾಗಿ ಹಾರಿದರು ಅಂತ. ನಾನು ಹೇಳಿದ್ದೂ ಅದೇ, ಹೂಂಗುಟ್ಟಿದೆ. ಒತ್ತಿಬಿಡತ್ತೆ, ನನ್ನ ಕೆಲಸ ಖಾಯಂ ಆಗೋದು ಇದರ ಮೇಲೇ ಇದೆ ಅಂದೆ ನೀನು. ನೀನು ಟೀ ತರಲು ಹೋದಾಗ ನಾನೇ ಓದಿಕೊಂಡೆ. ಹಾಳೆಯಲ್ಲಿದ್ದದ್ದು 'ತಡಮಾಡದೆ ಹಾರಿದರು'. ಅದಕ್ಕೇ ಕೈ ಒದ್ದೆ ಇದೆ, ನಾಳೆ ಒತ್ತುತ್ತೇನೆ ಅಂತ ನಿನ್ನನ್ನು ಸಾಗಹಾಕಿದ್ದು.

ಅತ್ತೆಗೆಲ್ಲಿ ಓದು ಅಂದುಕೊಂಡೆಯಾ? ಮೂವತ್ತು ವರ್ಷ ಆಸ್ಪತ್ರೆ ಬಟ್ಟೆ ಒಗೆದವಳು. ಹೊದಿಕೆಗಳ ಅಂಚಿನಲ್ಲಿ ವಾರ್ಡಿನ ಹೆಸರಿರುತ್ತದೆ. ಅದಲುಬದಲಾಗದಿರಲಿ ಅಂತ ಒಂದೊಂದೇ ಅಕ್ಷರ ಕೂಡಿಸಿ ಕಲಿತೆ. 'ಹೆರಿಗೆ' ನಾನು ಓದಿದ ಮೊದಲ ಪದ.

ಅವತ್ತು ಕಂಡದ್ದು ಇಷ್ಟು. ಯುದ್ಧವಿಮಾನ ಹೊಗೆ ಕಾರುತ್ತ ಆಸ್ಪತ್ರೆಗೇ ಮೂತಿ ಇಟ್ಟು ಬಂತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾವು ಏಳು ಹೆಂಗಸರು ಓಡುವುದನ್ನೂ ಮರೆತು ನಿಂತೆವು. ಅದು ಕುಂಟುತ್ತ ಹೊರಳಿ ಪಕ್ಕದ ಕೆರೆಯ ಕಡೆ ತಿರುಗಿತು. ಇನ್ನೇನು ನೀರು ತಾಗಬೇಕು ಅನ್ನುವಾಗ ಇಬ್ಬರೂ ಚಿಮ್ಮಿದರು. ಪ್ಯಾರಾಚೂಟ್ ಅರ್ಧ ಬಿಚ್ಚಿಕೊಳ್ಳುವಷ್ಟರಲ್ಲಿ ನೀರಿನಲ್ಲಿದ್ದರು, ಅದರ ಬಟ್ಟೆ ನೆನೆದು ಅವರನ್ನೇ ಕೆಳಕ್ಕೆಳೆಯುತ್ತಿತ್ತು. ನೆನೆದ ಬಟ್ಟೆಯ ಭಾರ ನಮಗೆ ಹೇಳಿಕೊಡಬೇಕೇ? ಒಣಹಾಕುವ ಹಗ್ಗ ಬಿಚ್ಚಿ ಇಸ್ತ್ರಿಯವನ ಸೊಂಟಕ್ಕೆ ಬಿಗಿದು ಇಳಿಸಿದೆವು. ಅವನು ಕತ್ತರಿಯಿಂದ ಪ್ಯಾರಾಚೂಟಿನ ಎಳೆಗಳನ್ನು ಕತ್ತರಿಸಿ ಒಬ್ಬೊಬ್ಬರನ್ನೇ ಹಿಡಿದುಕೊಂಡ, ನಾವು ಎಳೆದೆವು. ಎಳೆದ್ರೆ ಸಾಕು ಕಣ್ರೇ, ಅಭ್ಯಾಸಬಲ ಅಂತ ಹಿಂಡಿಬಿಟ್ಟೀರಾ ಅಂತ ನೀರೊಳಗಿಂದಲೇ ಕೂಗಿದ, ಪುಣ್ಯಾತ್ಮ.

ವಿಮಾನ ನಡೆಸುತ್ತಿದ್ದ ಹುಡುಗಿ ಕಾಲು ಮುರಿದುಕೊಂಡು ಅದೇ ಆಸ್ಪತ್ರೆಯಲ್ಲಿದ್ದಾಳೆ. ಹೊದಿಕೆ ಕೊಡಲು ಹೋದಾಗ, ಅಷ್ಟು ಹೊತ್ತು ಯಾಕಮ್ಮ ಒಳಗೇ ಕೂತಿದ್ದೆ ಅಂತ ಗದರಿದೆ. ಕೆಳಗೆ ಸಾಲಾಗಿ ಬಟ್ಟೆ ಕಾಣಿಸ್ತಜ್ಜಿ, ಬಟ್ಟೆ ಇದ್ದಲ್ಲಿ ಜನ ಇರ್ತಾರಲ್ಲ ಅಂದಳು. ಈಗ ಅವಳೇ ಹೆದರಿ ಬೇಗ ಹಾರಿಕೊಂಡಳು ಅಂತ ಮಾಡಿ ಕೆಲಸದಿಂದ ತೆಗೆಯುತ್ತಾರಂತೆ. ಯಂತ್ರ ಕೆಟ್ಟಿತ್ತು ಅನ್ನಲು ನಿಮ್ಮ ಸಾಹೇಬರಿಗೆ ಬಾಯಿಲ್ಲ, ನನ್ನ ಹೆಬ್ಬೆಟ್ಟು ಬೇಕು!

ನಿನ್ನನ್ನು ಈ ಕೈಯಲ್ಲೇ ಬೆಳೆಸಿದೆ ಗುಬ್ಬಿ. ನಿನ್ನ ಕೆಲಸ ಖಾಯಂ ಆಗಲಿ ಅಂತ ನನಗಿಲ್ಲವೇ? ಆದರೆ ನಾನು ಇವತ್ತು ಬದುಕಿರುವುದೇ ಆ ಹುಡುಗಿ ತಡಮಾಡಿದ್ದರಿಂದ. ನನ್ನ ಹೇಳಿಕೆ ನಾನೇ ಬರೆದು ಬೆಳಿಗ್ಗೆ ತನಿಖೆಯವರ ಕೈಗೇ ಕೊಟ್ಟು ಬಂದೆ. ಕಾಗುಣಿತ ತಪ್ಪಿರಬಹುದು, ಮಾತು ತಪ್ಪಿಲ್ಲ. ಉಳಿದ ಆರು ಜನರೂ ಕೆಳಗೆ ಗುರುತು ಹಾಕಿದ್ದಾರೆ. ಬೈಯುವುದಿದ್ದರೆ ಊಟದ ಹೊತ್ತಿಗೆ ಬಾ, ಉಂಡು ಬೈ.

ಇಂತಿ, ಸಹಿ ಮಾಡಬಲ್ಲ
ನಿನ್ನ ಅತ್ತೆ

ಮರೆತಿದ್ದೆ: ನೀನು ಒಗೆಯಲು ಕೊಟ್ಟ ಅಂಗಿಯ ಜೇಬಿನಲ್ಲಿ, 'ತಡವಾಗಿ' ಅನ್ನುವ ಪದ ಬದಲಿಸು ಅಂತ ನಿನಗೆ ಸಾಹೇಬರು ಬರೆದ ಚೀಟಿ ಇತ್ತು. ಒಣಗಿಸಿ, ಇಸ್ತ್ರಿ ಮಾಡಿಸಿ, ನನ್ನ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ಸಾಹೇಬರ ಸಹಿ ನಿಚ್ಚಳವಾಗಿದೆ. ನಿನ್ನ ಹೆಸರಿದ್ದ ಮೂಲೆಗೆ ಮಾತ್ರ ಸೋಪು ಸ್ವಲ್ಪ ಜಾಸ್ತಿ ಬಿತ್ತು.