ಚುಕ್ಕಿಯ ಮೇಲೆ ಚಚಡಿಗೆ

25 ಅಕ್ಟೋಬರ್ 1996, ಬೆಳಿಗ್ಗೆ

ನೆನೆಸಿದ ಹುರುಳಿ ಇಟ್ಟೆ. ಮೂಸಿ ಮುಖ ತಿರುಗಿಸಿದಳು. ಬೆಲ್ಲ ಪುಡಿ ಮಾಡಿ ಹಾಕಿದ ಮೇಲೆ ತಿಂದಳು. ಈ ಮನೆಯಲ್ಲಿ ನಖರಾ ಮಾಡುವವರು ಬಹಳ. ಆದರೆ ನಾನು ಖುಷಿಯಿಂದ ನಡೆಸಿಕೊಡುವುದು ನನ್ನ ಕುದುರೆ ಚುಕ್ಕಿಯ ನಖರಾ ಒಂದೇ.

ಇವರಿಗೆ ಚಹ, ನಾಷ್ಟಾ, ಆಮೇಲೆ ಮಾರ್ಕೆಟ್ಟಿನ ಅಡತಿ ಅಂಗಡಿ. ಮಗಳು ಶೀತಲಳಿಗೆ ಕಾಲೇಜು. ಮಗ ಕಲ್ಮೇಶನನ್ನು ಎಬ್ಬಿಸುವುದೇ ಒಂದು ಉದ್ಯೋಗ. ಅತ್ತೆಗೆ ಬಿಸಿನೀರು. ಕೊಟ್ಟ ಮೇಲೆ ಕುಡಿಯುವುದಿಲ್ಲ. ಆರಿದ ಮೇಲೆ, ಯಾಕೆ ಆರಿತು ಎಂಬ ವಿಚಾರಣೆ.

ನಾಳೆ ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಬಸುರಿ ಭೂಮಿಗೆ ಬಯಕೆಯ ಊಟ. ಪೈರಿನ ಸುತ್ತ ಕಡಬು, ಹೋಳಿಗೆ, ಪಲ್ಯ ಎಲ್ಲ ಚೆಲ್ಲಿ ಬರುವುದು. ಭೂಮಿಗಾದರೂ ನಿನಗೇನು ಬೇಕು ಎಂದು ಕೇಳಲು ಒಂದು ಹಬ್ಬ ಇದೆ. ಪುಣ್ಯವಂತೆ.

ಅದು ಮುಗಿದರೆ ನಾಡಿದ್ದು ನನ್ನ ದಿನ. ಚುಕ್ಕಿಯನ್ನು ಹತ್ತಿ ಚಚಡಿಗೆ, ತವರಿಗೆ. ವರ್ಷಕ್ಕೆ ಒಂದೇ ಸಲ. ಕೆಸರು ಆರಿರುತ್ತದೆ, ಬಿಸಿಲು ಏರಿರುವುದಿಲ್ಲ. ದೀಪಾವಳಿ ಬಂತೆಂದರೆ ಮತ್ತೆ ಕೆಲಸ ಕುತ್ತಿಗೆಗೆ.

29 ಅಕ್ಟೋಬರ್ 1996

ನಿನ್ನೆ ಸಂಜೆ ತಿರುಗಿ ಬಂದೆ. ತೊಡೆ ಹಿಡಿದುಕೊಂಡಿವೆ. ಕುಳಿತರೆ ಏಳಲಾಗದು, ಎದ್ದರೆ ಕೂಡಲಾಗದು. ಆದರೂ ಇಂಥ ನೋವು ವರ್ಷಪೂರ್ತಿ ಇರಲಿ ಅನಿಸುತ್ತದೆ.

ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಊರು ದಾಟುವವರೆಗೆ ತಲೆ ಮೇಲೆ ಸೆರಗು. ನಮ್ಮ ಹೊಲದ ಆಚೆ, ಸೊಗಲದ ದಾರಿ ಒಡೆಯುವ ಬೇವಿನ ಮರದ ಹತ್ತಿರ ಸೆರಗು ಇಳಿಸಿದೆ. ಲಗಾಮು ಸಡಿಲ ಬಿಟ್ಟೆ. ಚುಕ್ಕಿಗೆ ಅದೇ ಸಾಕು. ಎರಡೂ ಕಡೆ ಹತ್ತಿ ಒಡೆದಿತ್ತು, ಜೋಳ ಮೊಣಕಾಲಿಗೆ ಬಂದಿತ್ತು. ಸೊಗಲದ ಹಳ್ಳದಲ್ಲಿ ಇಬ್ಬರೂ ನೀರು ಕುಡಿದೆವು. ಅಪ್ಪ ಇದ್ದಿದ್ದರೆ ಚಚಡಿಯ ವಾಡೆಯ ಮುಂದೆಯೇ ಕಾಯುತ್ತ ನಿಂತಿರುತ್ತಿದ್ದ. ಮೊಮ್ಮಗನ ತೊಟ್ಟಿಲಿಗೆ ಎಲ್ಲರ ಅಜ್ಜಂದಿರೂ ಆಕಳ ಕರು ಕೊಟ್ಟರೆ ನಮ್ಮಪ್ಪ ಕಲ್ಮೇಶನ ತೊಟ್ಟಿಲಿಗೆ ಹಣೆಯಲ್ಲಿ ಬಿಳಿ ಚುಕ್ಕಿ ಇದ್ದ ಕುದುರೆ ಮರಿ ಹೊಡೆದುಕೊಂಡು ಬಂದಿದ್ದ. ಮೊಮ್ಮಗನಿಗೆ ಅಂತ ಹೆಸರು. ಕೊಟ್ಟಿದ್ದು ನನಗೆ.

ಹೊರಡುವಾಗ ಅತ್ತೆ ಎಂದಿನಂತೆ ಕಿಟಕಿಯಲ್ಲಿ ನಿಂತಿದ್ದರು. ಮಂದಿ ಯಾರು ನೋಡುತ್ತಾರೆ ಎಂದು ನೋಡುವುದು. ಎಂದಿನ ಮಾತೂ ಬಂತು — "ಮನಿ ಸೊಸಿ ಕುದರಿ ಮ್ಯಾಲ ಹೊಂಟ್ರ ಮಂದಿ ಏನ ಅಂದಾರು?"

ಏನಾದರೂ ಅನ್ನಲಿ. ಆ ದಿನ ಒಂದು ದಿನ ನನ್ನನ್ನು ಯಾರೂ ಕರೆಯಲಾರರು.

12 ಅಕ್ಟೋಬರ್ 1997

ಶೀತಲಳ ನಿಶ್ಚಯ. ಕಿತ್ತೂರಿನ ಬೀಗರು. ಒಳ್ಳೆಯ ಮನೆತನ, ಹುಡುಗನೂ ಶಾಂತ. ಎಲ್ಲ ಸರಿ. ದಿನ ಮಾತ್ರ ಸೀಗಿ ಹುಣ್ಣಿಮೆಯ ಮಾರನೇ ದಿನವೇ. ನಾಲ್ಕು ದಿನ ಮುಂದೆ ಹಾಕಿದರೆ ಏನಾಗುತ್ತದೆ ಎಂದೆ. ಅದೇ ದಿನ ಛಲೋ ಐತಿ ಎಂದು ಅತ್ತೆ ಸ್ವಾಮಿಗಳನ್ನು ಕೇಳಿ ಬಂದಾಗಿದೆಯಂತೆ.

ಇರಲಿ. ಮಗಳ ಕಾರ್ಯ. ಕುದುರೆ ಎಲ್ಲಿಗೂ ಓಡಿ ಹೋಗುವುದಿಲ್ಲ.

17 ಅಕ್ಟೋಬರ್ 1998

ಅಳಿಯನ ಮೊದಲ ದೀಪಾವಳಿ. ಕರ್ಚಿಕಾಯಿ ಕರಿದು ಕೈ ಎಣ್ಣೆಯಾಗಿದೆ, ಪೆನ್ನು ಜಾರುತ್ತಿದೆ. ಈ ವರ್ಷವೂ ಚಚಡಿ ಇಲ್ಲ.

ಅಳಿಯನಿಗೆ ಚುಕ್ಕಿಯ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವ ಆಸೆ. ಹತ್ತಿಸಿದೆವು. ಅವಳು ಕಿವಿ ಅಲುಗಿಸಿದ್ದಕ್ಕೇ ಅವನ ಮುಖ ಸುಣ್ಣದ ಗೋಡೆ. ಫೋಟೋ ಬಂದಿದೆ. ಚುಕ್ಕಿ ಚೆನ್ನಾಗಿ ಬಂದಿದ್ದಾಳೆ.

24 ಅಕ್ಟೋಬರ್ 1999

ಶೀತಲಳ ಕುಪ್ಪಸ. ಮುಂದಿನ ವಾರ ಇಲ್ಲೇ. ಹಸಿರು ಸೀರೆ, ಹಸಿರು ಬಳೆ, ಓಣಿಗೆಲ್ಲ ಹೋಳಿಗೆ. ಬಸುರಿ ಮಗಳನ್ನು ಬಿಟ್ಟು ಕುದುರೆ ಏರಿ ಹೋಗುತ್ತೀಯಾ ಎಂದು ಅತ್ತೆ ಕೇಳಲೇ ಇಲ್ಲ. ಕೇಳುವ ಮುಖ ಮಾಡಿದರು, ಸಾಕಾಯಿತು.

ಮಧ್ಯಾಹ್ನ ಹೊಲಕ್ಕೆ ಚುಕ್ಕಿಯ ಮೇಲೆ ಹೋಗಿ ಬಂದೆ. ಬೇವಿನ ಮರದ ಹತ್ತಿರ ತಾನಾಗಿ ಸೊಗಲದ ಕಡೆ ತಿರುಗಿದಳು. ಲಗಾಮು ಎಳೆದು ಹಿಂದೆ ತಿರುಗಿಸಬೇಕಾಯಿತು. ಆಗ ಅಳು ಬಂತು. ಕುಪ್ಪಸದ ಮನೆಯಲ್ಲಿ ಅಳಬಾರದೆಂದು ದಾರಿಯಲ್ಲೇ ಮುಗಿಸಿಕೊಂಡು ಬಂದೆ.

3 ನವೆಂಬರ್ 2001

ಹೊಸ ಮನೆಯ ವಾಸ್ತು ಆಯಿತು. ಹಿತ್ತಲಲ್ಲಿ ಚುಕ್ಕಿಗೂ ಒಂದು ತಗಡಿನ ಚಪ್ಪರ. ದಣಿದಿದ್ದೇನೆ. ಬರೆಯಲು ಏನೂ ಇಲ್ಲ.

23 ನವೆಂಬರ್ 2003

ಕಲ್ಮೇಶನ ಲಗ್ನ ಮುಗಿಯಿತು.

ಮೆರವಣಿಗೆಗೆ ಬೆಳಗಾವಿಯಿಂದ ಬಿಳಿ ಕುದುರೆ ತರಿಸಿದರು. ಮೈಮೇಲೆ ಮಿಂಚುವ ಬಟ್ಟೆ, ತಲೆಗೆ ಗರಿ. ಚುಕ್ಕಿ ಇದ್ದಾಳಲ್ಲ ಎಂದೆ. ಕಲ್ಮೇಶ ನನ್ನ ಮುಖ ನೋಡದೆ ಹೇಳಿದ, "ಅವ್ವಾ, ಅಕಿ ಮುದುಕಿ ಆಗ್ಯಾಳ. ಫೋಟೋದಾಗ ಛಂದ ಕಾಣಂಗಿಲ್ಲ."

ಅವನದೂ ಅವಳದೂ ಒಂದೇ ವಯಸ್ಸು. ನಡಿಗೆ ಕಲಿಯುವಾಗ ಅವಳ ಕಾಲು ಹಿಡಿದು ಎದ್ದು ನಿಂತವನು. ಬ್ಯಾಂಡ್ ಶುರುವಾದಾಗ ಹಿತ್ತಲಿಂದ ಒಮ್ಮೆ ಕೂಗಿದಳು. ಯಾರಿಗೂ ಕೇಳಲಿಲ್ಲ. ಫೋಟೋದಲ್ಲಿ ನಾನು ಎಲ್ಲರ ಹಿಂದೆ ನಿಂತೆ.

3 ಅಕ್ಟೋಬರ್ 2006, ಮಧ್ಯಾಹ್ನ

ಇಷ್ಟು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಬಾಣಂತನ, ಮೊಮ್ಮಕ್ಕಳ ಜ್ವರ, ಇವರ ಬಿಪಿ. ಒಂದರ ಬಾಲ ಹಿಡಿದು ಒಂದು.

ಇವತ್ತು ಬಾಬುಸಾಬರನ್ನು ಕರೆಸಿದೆ. ಮೊದಲು ಟಾಂಗಾ ಹೊಡೆಯುತ್ತಿದ್ದರು, ಈಗ ಟಾಂಗಾ ಎಲ್ಲಿದೆ. ಚುಕ್ಕಿಯ ಗೊರಸಿಗೆ ನಾಲು ಕಟ್ಟುವವರು ಮೊದಲಿನಿಂದಲೂ ಅವರೇ. ಈ ಸಲ ಏನೇ ಬರಲಿ, ಚಚಡಿಗೆ ಹೋಗಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವರು ಅವಳ ಬೆನ್ನ ಮೇಲೆ ಅಂಗೈ ಊರಿ, ಕಾಲು ಒಂದೊಂದಾಗಿ ಎತ್ತಿ ನೋಡಿದರು. ಎತ್ತಿದ ಕಾಲನ್ನೇ ಮತ್ತೊಮ್ಮೆ ಎತ್ತಿ ನೋಡಿದರು. ಆಗಲೇ ತಿಳಿಯಿತು.

"ಚಚಡಿ ಆಗಂಗಿಲ್ರಿ ಅಕ್ಕಾರ. ಹೊಲದ ಸುತ್ತ ಒಂದ ಸುತ್ತ ತಡೀತಾಳ, ಅದೂ ಮೆಲ್ಲಕ. ಅದ ಕಡೀದು. ಆಮ್ಯಾಲ ಬೆನ್ನ ಮ್ಯಾಲ ಯಾರೂ ಕುಂಡ್ರಬ್ಯಾಡ್ರಿ."

ಹೂಂ ಎಂದೆ. ಚಹ ಮಾಡಿಕೊಟ್ಟೆ. ಮುಂದಿನ ವರ್ಷ, ಮುಂದಿನ ವರ್ಷ ಎಂದು ನಾನು ಅಂದುಕೊಳ್ಳುವಾಗ ಅವಳಿಗೂ ವರ್ಷ ಆಗುತ್ತಿವೆ ಎಂಬುದು ತಲೆಗೇ ಹೋಗಿರಲಿಲ್ಲ. ನನ್ನ ಮೇಲೇ ಸಿಟ್ಟು. ಎಲ್ಲರ ಮೇಲೂ ಸಿಟ್ಟು.

ಒಂದು ಸುತ್ತು. ಸರಿ, ಅದಾದರೂ ನನ್ನದು. ಸೀಗಿ ಹುಣ್ಣಿಮೆಯ ದಿನ ಚರಗದ ಸುತ್ತು ಅವಳ ಮೇಲೆ ಕುಳಿತೇ ಹಾಕುತ್ತೇನೆ.

5 ಅಕ್ಟೋಬರ್ 2006, ಸಂಜೆ

ಕೆಲಸ ಅರ್ಧಕ್ಕೆ ಬಿಟ್ಟು ಬಂದು ಬರೆಯುತ್ತಿದ್ದೇನೆ. ಸಿಟ್ಟಿಗೋ ಏನೋ.

ನಾಳೆಗೆ ಕಡಬು ಮಾಡುತ್ತ ಕೂತಿದ್ದೆ. ಅತ್ತೆ ಗೋಡೆಗೆ ಒರಗಿ ಪುಂಡಿ ಪಲ್ಯ ಸೋಸುತ್ತಿದ್ದರು. ಈಗ ಅವರಲ್ಲಿ ಏನೂ ಉಳಿದಿಲ್ಲ, ಒಂದು ಹಿಡಿ ಎಲುಬು, ಅದರ ಮೇಲೊಂದು ಸೀರೆ. ಕೋಲಿಲ್ಲದೆ ಹಿತ್ತಲಿಗೂ ಹೋಗಲಾರರು. ತಲೆ ಎತ್ತದೆ ಹೇಳಿದರು,

"ಇಂದ್ರಾ, ನನ್ನೂ ಒಮ್ಮಿ ಕುಂಡರಸ."

"ಎಲ್ಲೆ ಕುಂಡರಸಲ್ರಿ?"

"ನಿನ್ನ ಕುದರಿ ಮ್ಯಾಲ."

ಬುದ್ಧಿ ಸ್ಥಿರ ಇಲ್ಲ ಅಂದುಕೊಂಡೆ. ಇತ್ತು. ಮೆಲ್ಲಗೆ, ಪಲ್ಯದ ಕಡ್ಡಿ ಮುರಿಯುತ್ತಲೇ ಹೇಳಿದರು. "ಲಗ್ನದಾಗ ಕುಂಡರಿಸಿದ್ರು. ಎಂಟ ವರ್ಷದಾಕಿ ಇದ್ದೆ. ರಾಮದುರ್ಗದ ಅಗಸಿ ದಾಟೂದರಾಗ ಇಳಿಸಿ ಚಕ್ಕಡಿ ಹತ್ತಿಸಿದ್ರು. ಇನ್ನೊಂದೀಟ ಅಂದೆ. ಯಾರೂ ಕೇಳಲಿಲ್ಲ."

ಕಡಬು ಕೈಯಲ್ಲೇ ಉಳಿಯಿತು. ಹಾಗಾದರೆ ನನಗೆ ವರ್ಷಾ ವರ್ಷಾ ಯಾಕೆ ಅಡ್ಡ ಬಂದಿರಿ ಎಂದು ಕೇಳಿಬಿಟ್ಟೆ. ಈ ಮನೆಗೆ ಬಂದಾಗಿನಿಂದ ಅವರೆದುರು ಅಷ್ಟು ದನಿ ಏರಿಸಿದ್ದು ಇವತ್ತೇ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಹೊಟ್ಟಿಕಿಚ್ಚವಾ. ನೀ ಹೊಂಟ್ರ ನೋಡಾಕ ಆಗತಿದ್ದಿಲ್ಲ. ನೋಡದ ಇರಾಕೂ ಆಗತಿದ್ದಿಲ್ಲ."

ಎದ್ದು ಹಿತ್ತಲಿಗೆ ಹೋದೆ. ಚುಕ್ಕಿಯ ಕುತ್ತಿಗೆಗೆ ಹಣೆ ಹಚ್ಚಿ ನಿಂತೆ. ನಿಶ್ಚಯ, ದೀಪಾವಳಿ, ಕುಪ್ಪಸ — ಎಲ್ಲ ನೆನಪಾದವು. ಉಳಿದಿರುವುದೇ ಒಂದು ಸುತ್ತು. ಅದನ್ನೂ ಇವರಿಗೆ ಕೊಡಬೇಕೇ? ಕೊಡುವುದಿಲ್ಲ. ಇಷ್ಟು ವರ್ಷ ಕೊಟ್ಟಿದ್ದೇ ಸಾಕು.

6 ಅಕ್ಟೋಬರ್ 2006

ಕೊಟ್ಟೆ.

ಯಾಕೆ ಎಂದು ಗೊತ್ತಿಲ್ಲ. ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಹೊಲಕ್ಕೆ ಹೊರಟೆವು, ಬಾಬುಸಾಬರು ಚುಕ್ಕಿಯನ್ನು ನಡೆಸಿಕೊಂಡು ಬಂದರು. ಜೀನು ಬಿಗಿದಾಯಿತು. ಕಾಲಿಡಲು ಕಲ್ಲೂ ಇತ್ತು. ಅತ್ತೆ ಬನ್ನಿ ಗಿಡದ ಕೆಳಗೆ ಕೂತು ನೆಲ ನೋಡುತ್ತಿದ್ದರು. ಮತ್ತೊಮ್ಮೆ ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಕೇಳಲಿಲ್ಲ. ಅಷ್ಟಕ್ಕೇ ಸೋತೆ.

ಜೀನಿನ ಮೇಲೆ ಕೌದಿ ಹಾಸಿ ಬಾಬುಸಾಬರೂ ನಾನೂ ಹಿಡಿದು ಕೂರಿಸಿದೆವು. ಹುಲ್ಲಿನ ಹೊರೆಯಷ್ಟೂ ಭಾರವಿಲ್ಲ. ಇವರು "ಅವ್ವಾ, ಬಿದ್ದೀ" ಎನ್ನುತ್ತ ಓಡಿ ಬಂದರು. ಅತ್ತೆ ಮಗನ ಕಡೆ ನೋಡಲೂ ಇಲ್ಲ. ಚರಗದ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡರು.

ಲಗಾಮು ನನ್ನ ಕೈಯಲ್ಲಿ. ಬಾಬುಸಾಬರು ಆ ಕಡೆ, ಒಂದು ಕೈ ಅತ್ತೆಯ ಸೊಂಟದ ಹಿಂದೆ. ಚುಕ್ಕಿ ಹೆಜ್ಜೆ ನೋಡಿ ನೋಡಿ ಇಟ್ಟಳು. ಬೆನ್ನ ಮೇಲೆ ಯಾರು ಎಂಬುದು ಅವಳಿಗೆ ಗೊತ್ತಿತ್ತೋ ಏನೋ. ಬದುವಿನ ಗುಂಟ ಅತ್ತೆ ಕಡಬು, ಪಲ್ಯ ಚೆಲ್ಲುತ್ತ ಹೋದರು. "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕಿದರು. ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ, ಆಚೆ ಹೊಲದವರು ತಿರುಗಿ ನೋಡಿದರು. ಮಂದಿ ಏನಂದಾರು ಎಂದು ಅತ್ತೆ ಕೇಳಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಬರೆದರೆ ತಪ್ಪೇನು. ಆ ಬೆನ್ನ ಮೇಲೆ ಕಡೆಯದಾಗಿ ನಾನು ಕೂರಬೇಕಿತ್ತು.

ಸುತ್ತು ಮುಗಿಯಿತು. ಇಳಿಸಲು ಕೈ ಚಾಚಿದೆ. ಅತ್ತೆ ಕುತ್ತಿಗೆಯ ಕೂದಲು ಹಿಡಿದುಕೊಂಡು, "ಇನ್ನೊಂದೀಟ" ಎಂದರು.

ಬಾಬುಸಾಬರು ಚುಕ್ಕಿಯ ಕಾಲು ನೋಡಿ ಆಗಲಿ ಎಂದು ತಲೆಯಾಡಿಸಿದರು. ಬೇವಿನ ಮರದವರೆಗೆ ಹೋದೆವು. ಅಲ್ಲಿ ಚುಕ್ಕಿ ಹಳೆಯ ಚಾಳಿ ಬಿಡದೆ ಸೊಗಲದ ಕಡೆ ಮುಖ ಮಾಡಿ ನಿಂತಳು. ಚಚಡಿ ದಾರಿ ಇದೇ ಏನು ಎಂದು ಅತ್ತೆ ಕೇಳಿದರು. ಹೌದೆಂದೆ. ಬಹಳ ಹೊತ್ತು ಆ ಕಡೆಯೇ ನೋಡಿದರು. ಇಳಿಸಿಕೊಳ್ಳುವಾಗ ಮಗುವಿನಂತೆ ನನ್ನ ಕೊರಳು ಹಿಡಿದುಕೊಂಡರು.

7 ಅಕ್ಟೋಬರ್ 2006, ಊಟದ ನಂತರ

ಅತ್ತೆಯ ತೊಡೆಗೆ ಎಣ್ಣೆ ತಿಕ್ಕಿದೆ. ನರಳುತ್ತಾರೆ, ನಡುನಡುವೆ ನಗುತ್ತಾರೆ. ಚುಕ್ಕಿ ಹುರುಳಿಯನ್ನು ಬೆಲ್ಲವಿಲ್ಲದೆ ತಿಂದಳು. ಹಸಿದಿದ್ದಳು.

ಬಾಬುಸಾಬರು ಬಂದು ನೋಡಿ ಪಾಡ ಅದಾಳ, ಏನೂ ಆಗಿಲ್ಲ ಎಂದರು. ಕಟ್ಟಿ ಹಾಕಿದರೆ ಕಾಲು ಬಿಗಿಯುತ್ತವೆ, ಖಾಲಿ ಬೆನ್ನಿನಲ್ಲಿ ದಿನಾ ನಡೆಸಿರಿ ಎಂದು ಹೇಳಿ ಹೋದರು. ಎಷ್ಟು ದೂರ ಎಂದು ಅತ್ತೆ ಒಳಗಿನಿಂದ ಕೇಳಿದರು. ನಿಲ್ಲಿಸಿ ನಿಲ್ಲಿಸಿ ಕರೆದೊಯ್ದರೆ ಎಷ್ಟಾದರೂ ಎಂದರು ಅವರು.

ನಾಳೆ ಸವದತ್ತಿಯಲ್ಲಿ ಕಲ್ಮೇಶನ ಮಗನ ಜಾವಳ. ತಿಂಗಳ ಹಿಂದೆಯೇ ಗೊತ್ತಾದದ್ದು. ಐದಕ್ಕೆಲ್ಲ ತಯಾರಾಗು, ಟೆಂಪೋ ಬರುತ್ತದೆ ಎಂದು ಇವರು ಊಟಕ್ಕೆ ಕೂತಾಗ ಹೇಳಿದರು. ಹೂಂ ಎಂದೆ. ಹೂಂ ಎನ್ನುವುದು ನಾಲಿಗೆಗೇ ರೂಢಿಯಾಗಿದೆ.

ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು. "ಕತ್ತರಿ ಹಿಡಿಯಾಂವ ಸ್ವಾದರಮಾವ. ಅಜ್ಜಿ ಬಂದು ಏನ ಹಿಡೀತಾಳ? ಇಂದ್ರಾ ನಾಳೆ ಚಚಡಿಗೆ ಹೋಗತಾಳ."

ಇವರು ನಕ್ಕರು. ಕುದುರೆಗೆ ಬೆನ್ನೇ ಇಲ್ಲ, ಹೇಗೆ ಹೋಗುತ್ತಾಳೆ ಎಂದರು.

"ಕಾಲ ಅದಾವಲ್ಲ. ಅಕಿಗೂ ಅದಾವ, ಇಕಿಗೂ ಅದಾವ. ನಡಕೋತ ಹೋಗ್ಲಿ. ಸೊಗಲದಾಗ ವಸ್ತಿ ಮಾಡ್ಲಿ."

ಮಂದಿ ಏನಂದಾರು ಎಂದು ಈ ಸಲ ಇವರು ಕೇಳಿದರು. ಅತ್ತೆ ನೀರು ಕುಡಿದು ಎದ್ದುಬಿಟ್ಟರು.

8 ಅಕ್ಟೋಬರ್ 2006, ಬೆಳಿಗ್ಗೆ

ಟೆಂಪೋ ಹೋಯಿತು. ಇವರೇ ಮೊದಲು ಹತ್ತಿದರು. ಕಲ್ಮೇಶ ಇಳಿದು ಬಂದು ಚುಕ್ಕಿಯ ಹಣೆ ಒಮ್ಮೆ ಸವರಿ ಹೋದ. ಅತ್ತೆಯ ಹತ್ತಿರ ಇರಲು ಬಾಬುಸಾಬರ ಹೆಂಡತಿ ಮದರಬಿ ಬಂದಿದ್ದಾಳೆ.

ಬುತ್ತಿ ಕಟ್ಟಿಕೊಂಡೆ. ನನಗೆ ರೊಟ್ಟಿ, ಅವಳಿಗೆ ಹುರುಳಿ. ಜೀನು ಬೇಡ. ಹಗ್ಗ ಸಾಕು. ಮೊಣಕಾಲು ಈಗಲೇ ನೋಯುತ್ತಿವೆ, ಅವಳವೂ ನೋಯುತ್ತಿರಬೇಕು. ಇಬ್ಬರು ಮುದುಕಿಯರು ಎಷ್ಟು ಹೊತ್ತಿಗೆ ಮುಟ್ಟುತ್ತೇವೋ. ಕೂತು ಎದ್ದು ಹೋಗುವುದು. ಯಾರೂ ಕರೆಯುವವರಿಲ್ಲ.

ಅತ್ತೆ ಕಿಟಕಿಯಲ್ಲಿ ನಿಂತಾಗಿದೆ, ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡು. ಇನ್ನೂ ಏನು ಬರೆಯುತ್ತ ಕೂತಿದ್ದೀ, ಬಿಸಿಲು ಏರುತ್ತದೆ, ಹೊರಡು ಎಂದು ಆಗಿನಿಂದ—