ಇಪ್ಪತ್ತೈದರ ಗೆರೆ

ರಾಬರ್ಟ್‌ಸನ್‌ಪೇಟೆ
11 ಆಗಸ್ಟ್ 2024, ಭಾನುವಾರ

ಶಶಿರೇಖ ಅವರಿಗೆ,

ನಮಸ್ಕಾರ. ನಿಮ್ಮ ಮಗಳು ನವ್ಯಳ ವಿಜ್ಞಾನದ ಟೀಚರ್ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ನಾನಾದರೂ ಎತ್ತುತ್ತಿರಲಿಲ್ಲ.

ನವ್ಯ ಶಾಲೆಗೆ ಬಾರದೆ ಒಂಬತ್ತು ದಿನವಾಯಿತು. ಹಾಜರಿಯಲ್ಲಿ ಅವಳ ಹೆಸರು ಕರೆದರೆ ಏಳನೇ ತರಗತಿಯಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಶುಕ್ರವಾರ ನಿಮ್ಮೂರಿನ ಬಸ್ಸು ಹತ್ತಿ, ಹೊರಡುವ ಮೊದಲೇ ಇಳಿದುಬಿಟ್ಟೆ.

ಮನೆಯಿಂದ ಏನಾದರೂ ತನ್ನಿ, ಅಳೆದು ನೋಡೋಣ ಎಂದು ಮಕ್ಕಳಿಗೆ ಹೇಳಿದವಳು ನಾನೇ. ನವ್ಯ ಆಗಷ್ಟೇ ಕರೆದ ಹಾಲು ತಂದಳು. ಡೇರಿಯಿಂದ ಲ್ಯಾಕ್ಟೋಮೀಟರ್ ಕೇಳಿ ತಂದಿದ್ದೆ. ತೇಲಿಬಿಟ್ಟರೆ ಇಪ್ಪತ್ತೈದರ ಗೆರೆಗೆ ನಿಂತಿತು. ಇಪ್ಪತ್ತೆಂಟಕ್ಕಿಂತ ಕಡಿಮೆ ಇದ್ದರೆ ನೀರು ಬೆರೆತಿದೆ ಎಂದು ಬೋರ್ಡಿನ ಮೇಲೆ ಆಗಲೇ ಬರೆದಿದ್ದೆ.

"ನೀರಾಲು ನವ್ಯ ಕಣ್ರಲಾ!" ಎಂದು ಅಂಬರೀಶ್ ಕೂಗಿದ. ಗದರಿಸಿ ಕೂರಿಸಿದೆ. ಗಂಟೆ ಹೊಡೆಯಿತು. ಸಂಜೆಗೆ ಆ ಹೆಸರು ಡೇರಿಯನ್ನೂ ಮುಟ್ಟಿತು. ಅಲ್ಲಿ ನಿಮ್ಮ ಹಾಲು ದಿನವೂ ಸರಿ ಬರುತ್ತಿದ್ದರೂ ಜನ ಟೀಚರ್ ಅಳೆದದ್ದನ್ನೇ ನಂಬಿದರು.

ಬಸ್ಸಿಂದ ಇಳಿದ ಆ ಶುಕ್ರವಾರಕ್ಕೂ ಮುಂಚೆ, ಬುಧವಾರ, ನಿಮ್ಮ ಮನೆಗೆ ಬಂದಿದ್ದೆ. ನೀವು ಹುಲ್ಲಿಗೆ ಹೋಗಿದ್ದಿರಿ. ನಿಮ್ಮ ಅತ್ತೆ ವೆಂಕಟರತ್ನಮ್ಮನವರು, "ಕೂತ್ಕಳಮ್ಮ ಟೀಚ್ರಮ್ಮ. ಕಾಪಿ ಕೊಡಾನ ಅಂದ್ರೆ ನಮ್ಮಾಲು ಬರೀ ನೀರಂತಲ್ಲ, ಎಂಗ್ ಕೊಡ್ಲಿ?" ಎಂದರು. ನವ್ಯ ಕೊಟ್ಟಿಗೆಯಲ್ಲಿದ್ದಳು. ಕರೆದೆ. ತಿರುಗಲಿಲ್ಲ. ಒಂದು ಪಿರಿಯಡ್‌ಗೆ ಹತ್ತು ಪ್ರಶ್ನೆ ಕೇಳುತ್ತಿದ್ದ ಹುಡುಗಿ.

ನಿನ್ನೆ ನಿಮ್ಮ ಬೀದಿಯ ಶ್ರೀರಾಮಪ್ಪನವರ ಮನೆಯಲ್ಲಿ ಕಣ್ಣೆದುರೇ ಹಾಲು ಕರೆಸಿ ಅಳೆದೆ. ಬೆಚ್ಚಗಿದ್ದಾಗ ಇಪ್ಪತ್ತೈದು. ನೊರೆ ಇಳಿದು ಆರಿದ ಮೇಲೆ ಅದೇ ಹಾಲು ಇಪ್ಪತ್ತೆಂಟು. ನಿಮ್ಮ ಹಾಲಿಗೆ ಯಾರೂ ನೀರು ಬೆರೆಸಿರಲಿಲ್ಲ.

ನಾಳೆ ಮಕ್ಕಳೆದುರು ಇದನ್ನೇ ಮತ್ತೆ ಮಾಡಿ, ತಪ್ಪು ನನ್ನದು ಎನ್ನುತ್ತೇನೆ. ಸಂಜೆ ಡೇರಿಯಲ್ಲೂ ಹೇಳುತ್ತೇನೆ. ಬೆಳಿಗ್ಗೆಯೇ ಮೊದಲ ಬಸ್ಸಿಗೆ ಬಂದು ಈ ಪತ್ರ ನಿಮ್ಮ ಕೈಗೇ ಕೊಡುವೆ. ನವ್ಯಳನ್ನು ನನ್ನ ಜೊತೆ ಕಳಿಸಿ. ಲ್ಯಾಕ್ಟೋಮೀಟರ್ ಅವಳೇ ಹಿಡಿಯಲಿ.

ನಿಮ್ಮ ಕ್ಷಮೆ ಕೋರುವ,
ಶ್ಯಾಮಲಾ

ಮೇಲೆ ಬರೆಯಲಾಗದೆ ಬಿಟ್ಟದ್ದು: ಅಂದು ಅಳೆಯುವ ಮುಂಚೆ ನವ್ಯ ಕ್ಯಾನ್ ಮುಟ್ಟಿ, "ಮಿಸ್, ಇನ್ನಾ ಬಿಸಿ ಐತೆ. ಆರ್ಲಿ, ಆಮ್ಯಾಕೆ ನೋಡಾನಾ? ಬೇರೆ ಬತ್ತದೇನೋ" ಎಂದು ಕೇಳಿದ್ದಳು. ಗಂಟೆ ಹೊಡೆಯಲು ಐದು ನಿಮಿಷವಿತ್ತು. "ಸುಮ್ಮನೆ ಕೂತ್ಕೋ" ಎಂದಿದ್ದೆ. ನಾಳೆ ಇದನ್ನೂ ಹೇಳಬೇಕು. ಅವಳು ಮುಂದಿನ ಬೆಂಚಿನಲ್ಲಿ ಕೂತಿದ್ದರೆ ಹೇಳಿಯೇನು.