ಮಿಕ್ಸರ್ ಪಕ್ಕದ ರೆಕಾರ್ಡಿಂಗ್

ದೀಪಾಂಜಲಿ ನಗರ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಗಿರಿರಾಜ,

ಹೇಗಿದ್ದೀಯ? ಗಂಟಲಿನ ತೂತಿನ ಸುತ್ತ ಉರಿ ಕಡಿಮೆಯಾಗಿದೆ ಎಂದು ಚೈತ್ರ ಫೋನಿನಲ್ಲಿ ಹೇಳಿದಳು. ನಿನ್ನ ಹೆಂಡತಿಯ ಮಾತನ್ನಾದರೂ ನಂಬಬಹುದು, ನೀನು ಸ್ಲೇಟಿನ ಮೇಲೆ ಬರೆಯುವ ‘ಸೂಪರ್’ ಅನ್ನು ನಂಬುವ ಹಾಗಿಲ್ಲ. ಒಂದೂವರೆ ತಿಂಗಳು ನಿಮ್ಮ ಮನೆ ಕಡೆ ತಲೆ ಹಾಕದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಗಣಪತಿ ಸೀಸನ್, ಬೀದಿಗೊಂದು ಸ್ಟೇಜು, ಸ್ಪೀಕರ್ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ಇದು ಅರ್ಧ ನಿಜ. ಇನ್ನರ್ಧ ನೆಪ. ಇಲ್ಲಿಂದ ಬಸವೇಶ್ವರನಗರವೇನು ಕಾಶಿಯಷ್ಟು ದೂರವೇ?

ನಿನ್ನ ಶೋಗಳಿಗೆ ಇಪ್ಪತ್ತೆರಡು ವರ್ಷ ಸೌಂಡ್ ಮಾಡಿದ್ದೇನೆ, ಕಾಗದ ಬರೆಯುತ್ತಿರುವುದು ಇದೇ ಮೊದಲು. ನಗಬೇಡ. ವಾಟ್ಸಾಪಿನಲ್ಲಿ ಬರೆದರೆ ಅರ್ಧಕ್ಕೇ ಅಳಿಸಿಬಿಡುತ್ತೇನೆ. ಎದುರು ಬಂದು ಹೇಳೋಣವೆಂದರೆ, ನಾನು ಬಾಯಿ ತುಂಬ ಮಾತಾಡುವುದು, ನೀನು ಬಳಪ ಹುಡುಕುವುದು, ಅದು ನ್ಯಾಯವಲ್ಲ. ನೀನು ಬರೆದೇ ಮಾತಾಡಬೇಕಾದ ಮೇಲೆ ನಾನೂ ಬರೆದೇ ಹೇಳುತ್ತೇನೆ.

ವಿಷಯ ಇಷ್ಟೇ, ರೆಕಾರ್ಡಿಂಗ್ ಸಿಕ್ಕಿದೆ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ವಿಜಯನಗರದ ಮೈದಾನದಲ್ಲಿ ಆಯಿತಲ್ಲ, ಪೋಸ್ಟರಿನಲ್ಲಿ ನಿನ್ನ ಹೆಸರೇ ಎಲ್ಲರಿಗಿಂತ ದೊಡ್ಡದಾಗಿ ಬಿದ್ದ ಕೊನೆಯ ಶೋ, ಅದರದು. ಅವತ್ತು ರೆಕಾರ್ಡ್ ಮಾಡಲು ಸೌಂಡ್ ಮಿಕ್ಸರಿಗೆ ಪೆನ್‌ಡ್ರೈವ್ ಹಾಕಬೇಕಾಗಿದ್ದವನು ನಾನು. ಹಾಕಿರಲಿಲ್ಲ. ಧ್ವನಿಪೆಟ್ಟಿಗೆ ತೆಗೆದ ಆಪರೇಷನ್ ಆದ ಮೇಲೆ ನೀನು ಮೊದಲು ಕೇಳಿದ್ದೇ ಅದನ್ನು. ಸ್ಟುಡಿಯೋ ಹಾಡುಗಳಿವೆಯಲ್ಲ ಎಂದಿದ್ದಕ್ಕೆ, ಅದು ಕಂಪ್ಯೂಟರ್ ತಿದ್ದಿದ ದನಿ ಎಂದು ನೀನು ಬರೆದು ತೋರಿಸಿದೆ. ಆಮೇಲೆ ಸ್ಲೇಟು ಒರೆಸಿ, ‘ಅವತ್ತು ಅಷ್ಟು ಚೆನ್ನಾಗಿ ಹಾಡಿದ್ನಲ್ಲೋ, ಆಮೇಲೆ ಯಾಕೆ ಒಬ್ರೂ ಕರೀಲಿಲ್ಲ?’ ಎಂದು ಬರೆದೆ. ನಾನು ಕಾಫಿ ಲೋಟ ಇಟ್ಟು ಬರುತ್ತೇನೆಂದು ಅಡುಗೆಮನೆಗೆ ಹೋದೆ.

ರೆಕಾರ್ಡ್ ಮಾಡಿದವನು ಲಗ್ಗೆರೆಯ ಮಹದೇವ್ ಅಂತ, ಪೀಣ್ಯದಲ್ಲಿ ಲೇತ್ ಓಡಿಸುತ್ತಾನೆ. ಮುಂಗೈ ಮೇಲೆ ನಿನ್ನ ಹೆಸರಿನ ಹಚ್ಚೆ. ಎರಡು ಗಂಟೆ ಹತ್ತು ನಿಮಿಷ ಫೋನು ಎತ್ತಿ ಹಿಡಿದೇ ನಿಂತಿದ್ದನಂತೆ. ಮೈದಾನದಲ್ಲಿ ಸೌಂಡ್ ನೆಟ್ಟಗೆ ಕೇಳುವ ಜಾಗ ಮಿಕ್ಸರ್ ಪಕ್ಕ ಎಂದು ಯಾರೋ ಹೇಳಿಕೊಟ್ಟಿದ್ದರು, ಅಲ್ಲೇ ಬಂದು ನಿಂತ. ‘ಅಣ್ಣನ ದನೀಗೆ ಅಡ್ಡ ಬರಬಾರ್ದು ಅಂತ ನಾನು ಒಂದ್ಸಲಾನೂ ಕೂಗ್ಲಿಲ್ಲ ಸಾರ್’ ಎಂದ. ನಿಜ, ಅವನ ಉಸಿರು ಕೂಡ ಕೇಳಿಸುವುದಿಲ್ಲ.

ಏನು ಹಾಡಿದ್ದೀಯೋ ಗುರು! ಮಲ್ಲತ್ತಹಳ್ಳಿ ಕೆರೆಯ ಹಾಡಿನಲ್ಲಿ ಡ್ರಮ್ಸ್ ನಿಂತು ಒಂದೇ ಗಿಟಾರ್ ಉಳಿಯುತ್ತದಲ್ಲ, ಅಲ್ಲಿ ಇಡೀ ಮೈದಾನ ತೆಪ್ಪಗಿದೆ. ಆ ಒಂದು ಸಾಲಿನಲ್ಲಿ ನೀನು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತೀಯ. ಕೇಳುತ್ತಾ ನನ್ನ ಸೌಂಡ್ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ.

ಒಂದು ತೊಂದರೆ ಇದೆ. ಸರಿಯಾಗಿ ಆ ಸಾಲಿನ ಮೇಲೆಯೇ ಫೋನಿನ ಪಕ್ಕದಲ್ಲಿದ್ದವನೊಬ್ಬನ ಮಾತು ಬಿದ್ದಿದೆ. ಹತ್ತು ಸೆಕೆಂಡು ಇರಬಹುದು. ರಾಜಾಜಿನಗರದ ಸ್ಟುಡಿಯೋ ಒಂದಕ್ಕೆ ಒಯ್ದು ತೆಗೆಸಿದೆ. ಮಾತೇನೋ ಹೋಯಿತು, ಜೊತೆಗೆ ನಿನ್ನ ದನಿಯ ಕರಕರ, ನಿನ್ನ ಉಸಿರು ಎಲ್ಲಾ ಹೋಗಿ, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವಂಥ ದನಿ ಉಳಿಯಿತು. ಅಷ್ಟನ್ನು ಕತ್ತರಿಸಿಬಿಡೋಣವೆಂದರೆ ಆ ಸಾಲೇ ಹೋಗುತ್ತದೆ. ಅದಕ್ಕೇ ಇದ್ದದ್ದು ಇದ್ದ ಹಾಗೇ ಕಳಿಸುತ್ತಿದ್ದೇನೆ. ಪೆನ್‌ಡ್ರೈವ್ ಕವರಿನೊಳಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚೈತ್ರಳ ಮೇಲೆ ಸಿಡುಕಬೇಡ, ಅವಳೂ ಸುಸ್ತಾಗಿದ್ದಾಳೆ. ಮಗಳು ಅನುಗೆ ಈ ಮಾವನ ಆಶೀರ್ವಾದ, ಅವಳ ಕೈಗೆ ಹತ್ತಿದ ಗಿಟಾರ್ ಬಿಟ್ಟುಹೋಗದಿರಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಶಶಿಕುಮಾರ್

ತಾ.ಕ.: ಆ ಅಡ್ಡ ಬಂದ ಮಾತು ನನ್ನದು ಗಿರಿ. ಸಂಜೆ ಸೌಂಡ್ ಚೆಕ್ಕಿನಲ್ಲಿ ನೀನು ಎಲ್ಲರೆದುರು ನನ್ನನ್ನು ಕಿವುಡ ಎಂದಿದ್ದೆ, ಮೈ ಉರಿಯುತ್ತಿತ್ತು. ಆ ಸಿಟ್ಟಿಗೇ ಪೆನ್‌ಡ್ರೈವನ್ನು ಜೇಬಿನಿಂದ ತೆಗೆಯಲಿಲ್ಲ. ಆ ಹಾಡಿನ ನಡುವೆ, ಶೋ ನಡೆಸುವ ಮಂಜುನಾಥ್ ನನ್ನ ಪಕ್ಕ ಬಂದು, ಬೇಸಿಗೆಯ ಶೋಗಳಿಗೂ ಗಿರಿರಾಜನನ್ನೇ ಹಾಕೋಣವೇ ಎಂದು ಕೇಳಿದರು. ‘ಬೇಡ ಸಾರ್, ಅವನ ಗಂಟಲು ಹೋಗಿದೆ. ಬೇರೆಯವ್ರನ್ನ ನೋಡ್ಕೊಳ್ಳಿ’ ಅಂದೆ. ಇಪ್ಪತ್ತೆರಡು ವರ್ಷದ ಸೌಂಡಿನವನೇ ಹೇಳಿದ ಮೇಲೆ ಯಾರು ತಾನೇ ನಂಬುವುದಿಲ್ಲ? ಅವರು ಶೋ ನಡೆಸುವ ಇನ್ನೂ ನಾಲ್ಕು ಜನಕ್ಕೆ ಹೇಳಿದರು. ಮಾರನೆಯ ದಿನವೇ ನನ್ನ ಸಿಟ್ಟು ಇಳಿಯಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಆದರೆ ಮಂಜುನಾಥ್‌ಗೆ ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿತ್ತು. ನಾಳೆ ಮಾಡೋಣ, ನಾಳೆ ಮಾಡೋಣ ಎಂದುಕೊಂಡೇ ಇದ್ದೆ.

ನಿನ್ನ ಕಾಯಿಲೆಗೂ ನನ್ನ ಮಾತಿಗೂ ಸಂಬಂಧವಿಲ್ಲ, ಅಷ್ಟು ಗೊತ್ತು. ಆದರೆ ಅವತ್ತು ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ. ದನಿ ಒಡೆದದ್ದು ಜೂನಿನಲ್ಲಿ. ಅಲ್ಲಿಯವರೆಗೆ ಆರು ತಿಂಗಳು ನೀನು ಹಾಡಬಹುದಿತ್ತು. ದಿನಾ ಸಂಜೆ ಶರ್ಟು ಇಸ್ತ್ರಿ ಮಾಡಿಸಿಕೊಂಡು, ಫೋನು ಮುಂದಿಟ್ಟುಕೊಂಡು ಕೂತಿರುತ್ತಿದ್ದೆಯಂತೆ. ಚೈತ್ರ ಹೇಳಿದಳು.